ಹಳೇ ಮಣ್ಣಿಗೆ ಕಾವಲು

"ಇನ್ನು ಮೇಲೆ ನೀವು ಮಣ್ಣು ತುಳಿಯೋ ಹಾಗಿಲ್ಲ" ಎಂದರು ಡಾಕ್ಟರು.

"ಆಗಲ್ಲ" ಎಂದಳು ಅತ್ತಿಗೆ.

ಡಾಕ್ಟರು ತಲೆ ಎತ್ತಿ ನೋಡಿದರು. ಡಾಕ್ಟರಾದರೂ ಆಕೆ ಚಿಕ್ಕ ವಯಸ್ಸಿನ ಹೆಂಗಸು, ನಿದ್ದೆಗೆಟ್ಟ ಕಣ್ಣು. ತಮ್ಮೆದುರಿನ ಕುರ್ಚಿಯಲ್ಲಿ ಕೂತು ರೋಗಿಗಳು ಅತ್ತಿದ್ದನ್ನು ನೋಡಿದ್ದರು, ಕಾಲಿಗೆ ಬಿದ್ದಿದ್ದನ್ನು ನೋಡಿದ್ದರು, ಹೂಂ ಹೂಂ ಎಂದು ತಲೆಯಾಡಿಸಿ ಮನೆಗೆ ಹೋಗಿ ತಮಗೆ ತೋಚಿದ್ದನ್ನೇ ಮಾಡುವವರನ್ನಂತೂ ದಿನಾ ನೋಡುತ್ತಿದ್ದರು. ಹೀಗೆ ಮುಖಕ್ಕೆ ಹೊಡೆದ ಹಾಗೆ ಆಗಲ್ಲ ಎಂದವರು ಕಡಿಮೆ. ಅದೂ ಊದಿಕೊಂಡ ಕಾಲನ್ನು ಅವರ ಮುಂದೆಯೇ ಚಾಚಿಕೊಂಡು.

ಅತ್ತಿಗೆ ಎಂದರೆ ಯಾರಿಗೆ ಅತ್ತಿಗೆ ಎಂದು ಕೇಳಬೇಡಿ. ಮೊದಲು ಕರೆದವನು ಮೈದುನ. ಅವನ ಬಾಯಿಂದ ಕೆಲಸದವರು ಕಲಿತರು, ಅವರಿಂದ ಬೀದಿ ಕಲಿಯಿತು. ಮಣ್ಣಿನ ಗಾಡಿ ತರುವ ಮುದುಕ ಅವಳ ಅಪ್ಪನಿಗಿಂತ ದೊಡ್ಡವನು, ಅವನಿಗೂ ಅವಳು ಅತ್ತಿಗೆಯೇ. ಕಟ್ಟಿಕೊಂಡ ಗಂಡನೇ ಒಂದೆರಡು ಸಲ ಬಾಯಿ ತಪ್ಪಿ ಹಾಗೆ ಕರೆದು ಬೈಸಿಕೊಂಡದ್ದುಂಟು. ಆ ಗಂಡನ ಬಾಯಿಯಿಂದ ಮಾತು ಬರುವುದೇ ಅಪರೂಪ, ಬಂದದ್ದೂ ತಪ್ಪಿ ಬಂದರೆ ಬೈಯದೆ ಇನ್ನೇನು ಮಾಡಿಯಾಳು?

ಅವರದು ಪಾತ್ರೆ ಮಾಡುವ ಮನೆ. ತಗಡಿನ ಮಾಡು, ಉದ್ದನೆಯ ಒಂದೇ ಕೋಣೆ. ಒಂದು ತುದಿಗೆ ಪಾತ್ರೆ ಸುಡುವ ಆವಿಗೆ, ಗೋಡೆಯುದ್ದಕ್ಕೂ ಹಲಗೆಗಳು, ಹಲಗೆಗಳ ಮೇಲೆ ಒಣಗಲು ಇಟ್ಟ ಹಸಿ ಪಾತ್ರೆಗಳು. ನಡುವೆ ಗಂಡ ಪಾತ್ರೆ ಎಬ್ಬಿಸುವ ಚಕ್ರ, ತಿಗುರಿ. ಕಿಟಕಿಯ ಹತ್ತಿರ ವಾರಗಿತ್ತಿ ಕೂತು ಬಣ್ಣ ಹಾಕುವ ಮೇಜು. ಮೈದುನನಿಗೆ ಮುಂದಿನ ಅಂಗಡಿ, ಫೋನು, ಗಿರಾಕಿ, ಬಿಳಿ ಅಂಗಿ. ಇನ್ನೊಂದು ತುದಿಗೆ, ಎಲ್ಲಕ್ಕಿಂತ ಕೆಳಗೆ, ನೆಲ ತೋಡಿ ಇಟ್ಟಿಗೆ ಕಟ್ಟಿದ ಮಣ್ಣಿನ ತೊಟ್ಟಿ. ಅದು ಅತ್ತಿಗೆಯದು.

ಆ ತೊಟ್ಟಿ ಬರಿದಾದದ್ದನ್ನು ಬದುಕಿರುವವರು ಯಾರೂ ನೋಡಿಲ್ಲ. ಮೇಲಿನ ಅರ್ಧ ತೆಗೆದು ಪಾತ್ರೆಗೆ ಬಳಸುವುದು, ಕೆಳಗಿನ ಅರ್ಧವನ್ನು ಹಾಗೇ ಬಿಟ್ಟು ಅದರ ಮೇಲೆ ಹೊಸ ಮಣ್ಣು ಸುರಿಯುವುದು. ನೀರು ಹುಯ್ದು ತುಳಿಯುವುದು. ಒದ್ದೆ ಗೋಣಿ ಹೊದಿಸಿ ಕೊಳೆಯಲು ಬಿಡುವುದು. ಹಾಲಿಗೆ ಹೆಪ್ಪು ಹಾಕಿದ ಹಾಗೆ ಹಳೇ ಮಣ್ಣು ಹೊಸ ಮಣ್ಣನ್ನು ತನ್ನಂತೆ ಮಾಡಿಕೊಳ್ಳುತ್ತದೆ. ಅತ್ತಿಗೆ ಹೊಸದಾಗಿ ಮದುವೆಯಾಗಿ ಬಂದಾಗ ಆ ಗೋಣಿ ಎತ್ತಿ ಬಗ್ಗಿ ನೋಡಿದ್ದಳು. ಬಂದ ವಾಸನೆಗೆ ಅಂಗಳಕ್ಕೆ ಓಡಿ ವಾಂತಿ ಮಾಡಿಕೊಂಡಿದ್ದಳು. ಅತ್ತೆ ಹೊಟ್ಟೆ ಹಿಡಿದು ನಕ್ಕಿದ್ದಳು. "ಹೀಗೆ ನಾರಿದ್ರೇನೇ ನಮಗೆ ಅನ್ನ" ಎಂದಿದ್ದಳು. ಆ ಅತ್ತೆ ಹೋಗಿ ಎಷ್ಟೋ ವರ್ಷವಾಯಿತು. ಈಗ ವಾಸನೆ ಸ್ವಲ್ಪ ಕಡಿಮೆಯಾದರೆ ಅತ್ತಿಗೆ ಗೋಣಿ ಎತ್ತಿ ಎತ್ತಿ ಮೂಸಿ ನೋಡುತ್ತಾಳೆ.

ಆ ಮಣ್ಣು ಎಳೆದಷ್ಟು ಬರುತ್ತಿತ್ತು. ಅದರಲ್ಲಿ ಗಂಡ ಮಾಡುತ್ತಿದ್ದ ದೊಡ್ಡ ಹೂಜಿಗಳನ್ನು ಅಕ್ಕಪಕ್ಕದ ಯಾವ ಊರಲ್ಲೂ ಯಾರೂ ಮಾಡಿದವರಿಲ್ಲ. ಮೊಳಕೈ ಮುಳುಗುವಷ್ಟು ಆಳ, ಆದರೆ ಗೋಡೆ ಎಷ್ಟು ತೆಳು ಎಂದರೆ ಬೆರಳಿಂದ ಮೀಟಿದರೆ ಗಂಟೆಯ ಸದ್ದು. ಬೇರೆ ಮಣ್ಣಲ್ಲಿ ಎಬ್ಬಿಸಹೋದರೆ ಕುತ್ತಿಗೆಯ ಹತ್ತಿರ ಬರುವಷ್ಟರಲ್ಲಿ ಕುಸಿದು ಕೂರುತ್ತಿತ್ತು.

ಅಂಥ ಮಣ್ಣನ್ನು ತುಳಿಯುವುದು ಬರಿಗಾಲಲ್ಲೇ. ಕಲ್ಲು, ಚೂರು, ಬೇರು, ಏನಿದ್ದರೂ ಮೊದಲು ಕಾಲಿಗೆ ತಿಳಿಯಬೇಕು. ಕೆಲವು ತಿಂಗಳ ಹಿಂದೆ ತುಳಿಯುವಾಗ ಮಣ್ಣು ಕತ್ತರಿಸುವ ತಂತಿಯ ತುಂಡೊಂದು ಅತ್ತಿಗೆಯ ಅಂಗಾಲಿಗೆ ನೆಟ್ಟಿತು. ಕಿತ್ತು ಎಸೆದಳು. ಅದೇ ಜಾಗದಲ್ಲಿ ಈಗ ಗಂಟು, ಗಂಟಿನ ಮೇಲೆ ಸಣ್ಣ ಸಣ್ಣ ತೂತು, ಒತ್ತಿದರೆ ಕೀವಿನ ಜೊತೆ ಮರಳಿನಂಥ ಕಾಳು.

"ತಂತಿ ಕಿತ್ತಮೇಲೆ ಗಾಯಕ್ಕೆ ಏನು ಹಚ್ಚಿದ್ರಿ?" ಎಂದು ಕೇಳಿದರು ಡಾಕ್ಟರು.

"ಮಣ್ಣು."

"ಮಣ್ಣು?"

"ತೊಟ್ಟಿದೇ. ಬೀದಿ ಮಣ್ಣು ಹಚ್ಚೋಕೆ ನನಗೇನು ಹುಚ್ಚಾ?" ಅತ್ತಿಗೆಗೆ ಇದನ್ನು ವಿವರಿಸಬೇಕಾಗಿ ಬಂದದ್ದೇ ಸೋಜಿಗ. "ಎಲ್ಲಿ ಕುಯ್ದುಕೊಂಡ್ರೂ ಒಂದು ಚಿಟಿಕೆ ಹಳೇ ಮಣ್ಣು ತಗೊಂಡು ಒಳಗೆ ಒತ್ತಬೇಕು. ರಕ್ತ ಆಗಲೇ ನಿಲ್ಲುತ್ತೆ. ಮಣ್ಣು ಒಣಗುತ್ತೆ, ಗಾಯನೂ ಒಣಗುತ್ತೆ, ಎರಡೂ ಒಟ್ಟಿಗೆ ಉದುರುತ್ತೆ. ನಮ್ಮ ಮನೇಲಿ ಎಲ್ಲರೂ ಮಾಡೋದು ಹಾಗೇ. ನಮ್ಮತ್ತೆ ತನ್ನ ಮಕ್ಕಳ ಮಂಡಿಗೆಲ್ಲ ಅದನ್ನೇ ಮೆತ್ತಿ ಬೆಳೆಸಿದ್ದು."

ಡಾಕ್ಟರು ಪೆನ್ನು ಕೆಳಗಿಟ್ಟರು. ಬೈಯುತ್ತಾರೇನೋ ಎಂದು ಅತ್ತಿಗೆ ಸೊಂಟ ನೆಟ್ಟಗೆ ಮಾಡಿ ಕೂತಳು. ಆದರೆ ಆಕೆ ಬೈಯಲಿಲ್ಲ. ಕುರ್ಚಿ ಹತ್ತಿರ ಎಳೆದುಕೊಂಡು ನೆಂಟರಿಗೆ ಹೇಳುವಂತೆ ಹೇಳಿದರು.

"ನೋಡಿ, ಮಣ್ಣಲ್ಲಿ ಬ್ಯಾಕ್ಟೀರಿಯಾ ಇರ್ತವೆ. ಅವು ಇದ್ರೇನೇ ಅದು ಮಣ್ಣು. ನಿಮ್ಮ ತೊಟ್ಟಿ ಕೊಳೆಯೋದು, ಹದಕ್ಕೆ ಬರೋದು, ಎಲ್ಲ ಅವುಗಳ ಕೆಲಸ. ಅವುಗಳಲ್ಲಿ ಕೆಲವು ನಮ್ಮ ಮೈಮೇಲೂ ಬಂದು ವಾಸ ಮಾಡ್ತವೆ. ಕೈ ಮೇಲೆ, ಕತ್ತಿನ ಮೇಲೆ. ಅವುಗಳ ಪಾಡಿಗೆ ಅವು, ನಮ್ಮ ಪಾಡಿಗೆ ನಾವು. ಚರ್ಮದಿಂದ ಆಚೆ ಇರೋವರೆಗೆ ಏನೂ ಮಾಡಲ್ಲ. ಒಳಗೆ ದಾರಿ ಸಿಕ್ಕಿದ್ರೆ ಒಂದೊಂದು ಸಲ ಬೇರು ಬಿಟ್ಟುಬಿಡ್ತವೆ. ನೀವು ದಾರಿನೂ ತೋರಿಸಿದ್ರಿ, ಒಳಗೆ ಕರ್ಕೊಂಡು ಹೋಗಿ ಕೂರಿಸಿ, ಬಾಗಿಲೂ ಹಾಕಿದ್ರಿ."

ಅತ್ತಿಗೆ ತನ್ನ ಅಂಗಾಲನ್ನೇ ನೋಡಿದಳು. ಎಷ್ಟು ಗಾಯಕ್ಕೆ ಒತ್ತಿದ್ದಳು! ತನ್ನದಕ್ಕೆ, ಗಂಡನ ಬೆರಳಿಗೆ, ಕೆಲಸದವರ ಕೈಗೆ. ಇಷ್ಟು ದಿನ ಏನೂ ಆಗಿರಲಿಲ್ಲ ಎಂಬುದನ್ನು ನೆನೆದೇ ಈಗ ಮೈ ಜುಂ ಎಂದಿತು.

"ಅಂಟುತ್ತಾ ಡಾಕ್ಟರೇ?" ಬಾಗಿಲ ಹತ್ತಿರ ನಿಂತಿದ್ದ ಮೈದುನ ಕೇಳಿದ. ಕಾರಲ್ಲಿ ಕರೆತಂದವನು ಅವನೇ. ಬಂದಾಗಿನಿಂದ ಗೋಡೆಗೆ ನೇತುಹಾಕಿದ್ದ ಕೈ ತೊಳೆಯುವ ದ್ರಾವಣದ ಬಾಟಲಿಯನ್ನು ಒತ್ತುತ್ತಲೇ ಇದ್ದ.

"ಮನುಷ್ಯರಿಂದ ಮನುಷ್ಯರಿಗೆ ಅಂಟಲ್ಲ. ಬೆಂಕೀಲಿ ಸುಟ್ಟ ಪಾತ್ರೇಲಿ ಇವು ಯಾವುವೂ ಬದುಕಿರಲ್ಲ. ಆ ಭಯ ಬೇಡ."

ಅವನಿಗೆ ಇದು ಕೇಳಿಸಲಿಲ್ಲ. ಬ್ಯಾಕ್ಟೀರಿಯಾ ಎಂಬ ಮಾತು ಒಮ್ಮೆ ಕಿವಿಗೆ ಬಿದ್ದ ಮೇಲೆ ಅವನ ಕಿವಿ ಬೇರೆಯದಕ್ಕೆ ತೆರೆದೇ ಇರಲಿಲ್ಲ.

"ಮಾತ್ರೆ ತಿಂಗಳುಗಟ್ಟಲೆ ತಗೋಬೇಕು" ಎಂದರು ಡಾಕ್ಟರು. "ನಡುವೆ ಬಿಟ್ರೆ ಮೂಳೆಗೆ ಇಳಿಯುತ್ತೆ. ಮೂಳೆಗೆ ಇಳಿದ್ರೆ ಕಾಲು ಉಳಿಸ್ತೀನಿ ಅಂತ ನಾನು ಮಾತು ಕೊಡಲ್ಲ."

"ತಗೋತೀನಿ. ಒಂದೂ ಬಿಡಲ್ಲ. ಗಾಯ ಮಾಯೋವರೆಗೆ ತೊಟ್ಟಿಗೆ ಕಾಲಿಡಲ್ಲ. ಆಮೇಲೆ?"

"ಆಮೇಲೂ ಬರಿಗಾಲಲ್ಲಿ ಬೇಡ. ಬೂಟು ಹಾಕ್ಕೊಂಡು ಇಳೀರಿ."

"ಬೂಟು ಹಾಕಿದ್ರೆ ಚೂರು ಇರೋದು ಹೇಗೆ ಗೊತ್ತಾಗುತ್ತೆ? ಆ ಕೆಲಸಕ್ಕೆ ಕಾಲೇ ಕಣ್ಣು."

"ಆ ಕಣ್ಣು ಇರಬೇಕೋ ಬೇಡವೋ?" ಎಂದರು ಡಾಕ್ಟರು. ಅತ್ತಿಗೆ ಚಾಚಿದ್ದ ಕಾಲನ್ನು ಸೀರೆಯೊಳಗೆ ಎಳೆದುಕೊಂಡಳು.

ಹೊರಡುವಾಗ ಡಾಕ್ಟರು ತೊಟ್ಟಿಯ ಮಣ್ಣು ಸ್ವಲ್ಪ ಕಳಿಸಲು ಹೇಳಿದರು. ಹತ್ತಿ ಸುತ್ತಿದ ಕಡ್ಡಿಯಿಂದ ಅತ್ತಿಗೆಯ ಅಂಗೈ ಒರೆಸಿಕೊಂಡರು. "ಮಣ್ಣು ಮುಟ್ಟದವರದ್ದೂ ಒಂದು ಇರಲಿ, ಹೋಲಿಸಿ ನೋಡೋಕೆ" ಎಂದು ಮೈದುನನ ಕತ್ತನ್ನೂ ಒರೆಸಿದರು. ಅವನು ಹಲ್ಲು ಕೀಳಿಸಿಕೊಳ್ಳುವವನ ಹಾಗೆ ಕಣ್ಣು ಮುಚ್ಚಿ ನಿಂತಿದ್ದ.

ಅತ್ತಿಗೆ ಕಾರು ಹತ್ತಿದಳು. ಅವಳು ಧೈರ್ಯದವಳು, ಬಾಯಿ ಜೋರು, ಎಲ್ಲ ಸರಿ. ಆದರೆ ಕಾಲು ಕತ್ತರಿಸುವ ಮಾತು ಕೇಳಿ ಎದೆ ನಡುಗದವರು ಯಾರಿದ್ದಾರೆ? ಅವಳಿಗೂ ನಡುಗಿತ್ತು. ಅದನ್ನು ಮೈದುನನ ಮುಂದೆ ತೋರಿಸಬಾರದು ಎಂದು ಕಿಟಕಿಯ ಕಡೆ ಮುಖ ತಿರುಗಿಸಿ ಕೂತಿದ್ದಳು.

ಮನೆಗೆ ಬಂದು ಇನ್ನೂ ಚಪ್ಪಲಿ ಕಳಚಿರಲಿಲ್ಲ, ಮೈದುನ ನಡುಮನೆಯಲ್ಲಿ ನಿಂತು ಸಾರಿಬಿಟ್ಟ.

"ತೊಟ್ಟಿ ಖಾಲಿ ಮಾಡಿಸ್ತೀನಿ. ಲಾರಿಗೆ ಹೇಳ್ತೀನಿ, ಆ ಮಣ್ಣನ್ನೆಲ್ಲ ಹೊತ್ಕೊಂಡು ಹೋಗಿ ಎಲ್ಲಾದ್ರೂ ಸುರೀಲಿ. ಗುಂಡಿಗೆ ಸಿಮೆಂಟ್ ಹಾಕಿಸಿ ಮುಚ್ಚಿಸ್ತೀನಿ. ಪ್ಯಾಕೆಟ್ಟಲ್ಲಿ ಶುದ್ಧ ಮಣ್ಣು ಸಿಗುತ್ತೆ, ಅದನ್ನೇ ತರಿಸೋಣ."

"ಪ್ಯಾಕೆಟ್ ಮಣ್ಣಲ್ಲಿ ಹೂಜಿ ಏಳಲ್ಲ."

"ಹೂಜಿ ಬೇಡ. ಅಚ್ಚಲ್ಲಿ ಒತ್ತಿದ ಕಪ್ಪು, ತಟ್ಟೆ ಮಾಡೋಣ."

"ನಿನ್ನಣ್ಣ ಅಚ್ಚು ಒತ್ತಬೇಕಾ? ಆ ಕೈಯಲ್ಲಿ?" ಅತ್ತಿಗೆಯ ದನಿ ಏರಿತು. "ನಿನ್ನ ತಾಯಿ ಸಾಯೋ ದಿನ ಬೆಳಗ್ಗೆ ಕೂಡ ಆ ಗೋಣಿಗೆ ನೀರು ಚಿಮುಕಿಸಿದ್ಳು. ಒಂದು ಸಲ ಬರಿದು ಮಾಡಿದ್ರೆ ಮತ್ತೆ ಅಂಥ ಮಣ್ಣು ನಿನ್ನ ಮಗುವಿನ ಕಾಲಕ್ಕೂ ಆಗಲ್ಲ."

"ಮಗುವಿಗೋಸ್ಕರಾನೇ ಹೇಳ್ತಿರೋದು!" ಎಂದು ಕೂಗಿದ ಅವನು. ಬಾಗಿಲಲ್ಲಿ ವಾರಗಿತ್ತಿ ತುಂಬಿದ ಬಸುರಿನ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. "ಅದು ಹುಟ್ಟಿ ಅಂಬೆಗಾಲಿಡೋದು ಈ ನೆಲದ ಮೇಲೇನೇ ಅಲ್ವಾ? ನಿಮ್ಮ ಕಾಲು ನೋಡಿ ನನಗೆ ಊಟ ಸೇರ್ತಿಲ್ಲ ಅತ್ತಿಗೆ. ವಿಷ ಅದು. ವಿಷದ ಗುಂಡಿ ಮನೇಲಿ ಇಟ್ಕೊಂಡು ನಾನು ನಿದ್ದೆ ಮಾಡೋದು ಹೇಗೆ?"

ಅವನದೂ ತಪ್ಪೆಂದು ಹೇಳಲಾಗುವುದಿಲ್ಲ. ಹೆದರಿದ್ದ, ಅಷ್ಟೇ. ಅತ್ತಿಗೆಯ ಮೇಲೆ ಅವನಿಗೆ ಪ್ರಾಣ. ಚಿಕ್ಕವನಿದ್ದಾಗ ಅವಳ ಬೆನ್ನಿಗಂಟಿಕೊಂಡೇ ಬೆಳೆದವನು. ಆದರೆ ಹೆದರಿದ ಗಂಡಸು ಯಜಮಾನಿಕೆ ಮಾಡಲು ಹೊರಟರೆ ಅದಕ್ಕಿಂತ ದೊಡ್ಡ ಪೀಡೆ ಮನೆಗೆ ಬೇರೆ ಬೇಕಿಲ್ಲ.

ಸಂಜೆ ಎಲ್ಲರೂ ಹೋದ ಮೇಲೆ ಅತ್ತಿಗೆ ಕೋಲೂರಿಕೊಂಡು ತೊಟ್ಟಿಯ ಹತ್ತಿರ ಬಂದಳು. ಗೋಣಿ ಸರಿಸಿದಳು. ಕರಿ ಬೂದು ಬಣ್ಣದ ಮಣ್ಣು ಒದ್ದೆಯಾಗಿ ಹೊಳೆಯುತ್ತಿತ್ತು. ಅಭ್ಯಾಸದಿಂದ ಕೈ ಮುಂದೆ ಹೋಯಿತು, ಹಿಂದಕ್ಕೆಳೆದುಕೊಂಡಳು. ಆಗ ಅವಳಿಗೆ ಬಂದ ಸಿಟ್ಟು ಮೈದುನನ ಮೇಲಲ್ಲ, ಮಣ್ಣಿನ ಮೇಲೆ. ನನಗೆ ಹೆತ್ತ ಮಕ್ಕಳಿಲ್ಲ, ನಿನಗೇ ನೀರೆರೆದಿದ್ದೆ. ಬಿಸಿಲಲ್ಲಿ ನೆರಳು ಮಾಡಿದ್ದೆ, ಚಳಿಯಲ್ಲಿ ಹೊದಿಸಿದ್ದೆ. ಕಚ್ಚುವುದಿದ್ದರೆ ಬೇರೆ ಯಾರೂ ಸಿಗಲಿಲ್ಲವೇ ನಿನಗೆ? ಯಾರೂ ಇಲ್ಲವೆಂದು ಖಚಿತ ಮಾಡಿಕೊಂಡು ಚೆನ್ನಾಗಿ ಅತ್ತಳು. ಆಮೇಲೆ ಮೂಗು ಒರೆಸಿಕೊಂಡು ಗೋಣಿಗೆ ನೀರು ಚಿಮುಕಿಸಿದಳು. ಸಿಟ್ಟು ಬಂತೆಂದು ಒಣಗಲು ಬಿಡಲಾಗುತ್ತದೆಯೇ?

ಮಾತ್ರೆಗಳು ಅವಳ ಹೊಟ್ಟೆಯನ್ನು ತೊಳಸಿದವು. ಬಾಯಿಗಿಟ್ಟದ್ದು ಯಾವುದೂ ರುಚಿಸುತ್ತಿರಲಿಲ್ಲ. ಆದರೂ ಬಿಡಲಿಲ್ಲ. ನುಂಗುವಾಗಲೆಲ್ಲ ಕಾಲಿನ ಕಡೆ ನೋಡಿ "ಹೊರಡಿ, ಹೊರಡಿ, ಬಂದ ದಾರಿ ಹಿಡೀರಿ" ಎನ್ನುತ್ತಿದ್ದಳು. ವಾರಗಿತ್ತಿ ಕೇಳಿ ನಗುತ್ತಿದ್ದಳು. ಗಂಟು ನಿಧಾನಕ್ಕೆ ಇಳಿಯತೊಡಗಿತು.

ಕಾಲು ಇಳಿಯಿತು, ಆದರೆ ಬೀದಿಯ ಬಾಯಿ ಇಳಿಯಲಿಲ್ಲ. ಆ ಮನೆಯ ಪಾತ್ರೆಯಲ್ಲಿ ನೀರು ಕುಡಿದರೆ ಕಾಲು ಕೊಳೆಯುತ್ತದಂತೆ ಎಂಬ ಮಾತು ಹುಟ್ಟಿ ನಡೆದಾಡುತ್ತಿತ್ತು. ಹೂಜಿ ಕೊಳ್ಳುತ್ತಿದ್ದ ಹೋಟೆಲಿನವನು ಫೋನು ಮಾಡಿ, ಸದ್ಯಕ್ಕೆ ಬೇಡ, ಆಮೇಲೆ ನೋಡೋಣ ಎಂದ. ಆ ಆಮೇಲೆ ಎಂಬುದು ಯಾವಾಗ ಎಂದು ಎಲ್ಲರಿಗೂ ಗೊತ್ತಿತ್ತು. ಮೈದುನ ಫೋನಿಟ್ಟವನೇ ಲಾರಿಯವನಿಗೆ ಬರಹೇಳಿದ. ಬರುವ ವಾರದ ಮೊದಲ ದಿನ ಎಂದು ನಿಗದಿಯಾಯಿತು.

ಅದಕ್ಕೆ ಮುಂಚೆ ಮತ್ತೊಮ್ಮೆ ಡಾಕ್ಟರ ಹತ್ತಿರ ಹೋದರು. ಕಾಲು ನೋಡಿ ಆಕೆಯ ಮುಖ ಅರಳಿತು. ಮೂಳೆಗೆ ಇಳಿದಿಲ್ಲ, ಮಾತ್ರೆ ಬಿಡಬೇಡಿ, ಕಾಲು ಉಳಿಯುತ್ತೆ ಎಂದರು. ಅತ್ತಿಗೆ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡಳು, ಇಲ್ಲದಿದ್ದರೆ ಅಲ್ಲೇ ಅತ್ತುಬಿಡುತ್ತಿದ್ದಳು.

"ಆ ಪರೀಕ್ಷೆ ಏನಾಯ್ತು?" ಎಂದಳು.

"ಬಂದಿದೆ. ನಿಮ್ಮ ಕಾಲಲ್ಲಿರೋ ಬ್ಯಾಕ್ಟೀರಿಯಾನೇ ನಿಮ್ಮ ತೊಟ್ಟೀಲೂ ಇದೆ, ನಿರೀಕ್ಷೆ ಇದ್ದದ್ದೇ. ನಮ್ಮ ಆಸ್ಪತ್ರೆ ತೋಟದ ಮಣ್ಣಲ್ಲೂ ಸಿಕ್ತು. ನಿಮ್ಮ ಕೈಮೇಲೆ ಸಿಗಲಿಲ್ಲ." ಡಾಕ್ಟರು ತುಟಿ ಕಚ್ಚಿಕೊಂಡು ಮೈದುನನ ಕಡೆ ನೋಡಿದರು. "ಇವರ ಕತ್ತಿನ ಮೇಲೆ ಚೆನ್ನಾಗಿ ಬೆಳೀತು. ಹೆದರಬೇಡಿ, ಅದರಿಂದ ನಿಮಗೇನೂ ಆಗಲ್ಲ."

ಮೈದುನನ ಕೈ ಕತ್ತಿಗೆ ಹೋಯಿತು. ಅತ್ತಿಗೆ ಅವನ ಕತ್ತನ್ನೇ ನೋಡಿದಳು. ಆಮೇಲೆ ಬಂತು ನೋಡಿ ನಗು, ಹೊರಗೆ ಕೂತಿದ್ದ ರೋಗಿಗಳೆಲ್ಲ ಬಾಗಿಲ ಕಡೆ ತಿರುಗುವ ಹಾಗೆ.

"ಹಾಗಾದ್ರೆ ಲಾರಿಗೆ ಮೊದಲು ನೀನು ಹತ್ತಪ್ಪ! ಆಮೇಲೆ ನನ್ನ ಮಣ್ಣು ಹತ್ತಲಿ!"

ಅವನು ಕೆಂಪಾದ. ದಾರಿಯುದ್ದಕ್ಕೂ ಅವಳು ನಗುತ್ತಲೇ ಇದ್ದಳು, ಅವನು ಕತ್ತು ಕೆರೆದುಕೊಳ್ಳುತ್ತಲೇ ಇದ್ದ. ಆದರೆ ಕಾರು ಮನೆ ಮುಂದೆ ನಿಂತಾಗ ತಣ್ಣಗೆ ಹೇಳಿದ: "ಡಾಕ್ಟರು ಹೇಳಿದ್ದು ನಿಜಾನೇ ಇರಬಹುದು ಅತ್ತಿಗೆ. ಅದನ್ನ ಬೀದಿಗೆಲ್ಲ ನಾನು ಹೇಗೆ ಹೇಳ್ಕೊಂಡು ತಿರುಗಲಿ? ತೊಟ್ಟಿ ಹೋದ್ರೆ ಮಾತೂ ಹೋಗುತ್ತೆ. ಲಾರಿ ಬರುತ್ತೆ." ಅತ್ತಿಗೆಯ ನಗು ಅಲ್ಲಿಗೆ ನಿಂತಿತು.

ಲಾರಿ ಬಂತು. ಬಾಗಿಲು ಪೂರ್ತಿ ತೆರೆದು, ಲಾರಿಯನ್ನು ಹಿಮ್ಮುಖವಾಗಿ ತಂದು ನಿಲ್ಲಿಸಿದರು. ಅಷ್ಟರಲ್ಲಿ ಅತ್ತಿಗೆ ತೊಟ್ಟಿಯ ಕಟ್ಟೆಯ ಮೇಲೆ ಕೂತಾಗಿತ್ತು. ಪಟ್ಟಿ ಕಟ್ಟಿದ ಕಾಲನ್ನು ಮಣೆಯ ಮೇಲೆ ಚಾಚಿದ್ದಳು. ತೊಡೆಯ ಮೇಲೆ ಪಾತ್ರೆ ತಟ್ಟುವ ಮರದ ಹಲಗೆ. ಅದು ಅಗಲವಾಗಿ, ಗಟ್ಟಿಯಾಗಿ, ಹಿಡಿ ಸವೆದು ಕೈಗೆ ಚೆನ್ನಾಗಿ ಕೂರುವಂಥದ್ದು. ಅದನ್ನು ಯಾಕೆ ತಂದಿದ್ದಾಳೆಂದು ಯಾರೂ ಕೇಳಲಿಲ್ಲ.

"ಅತ್ತಿಗೆ, ಏಳಿ" ಎಂದ ಮೈದುನ.

"ನನ್ನನ್ನೂ ಎತ್ತಿ ಲಾರಿಗೆ ಹಾಕು. ಮಣ್ಣಿನ ಜೊತೆ ನನಗೂ ತಾನೆ ಕಾಯಿಲೆ."

ಅವನು ಕೆಲಸದವರ ಕಡೆ ತಿರುಗಿ ಸನಿಕೆ ತಗೊಳ್ಳಿ ಎಂದ. ಆವಿಗೆ ನೋಡಿಕೊಳ್ಳುವ ಮುದುಕನಿಗೆ ಆ ಕ್ಷಣಕ್ಕೇ ಸೊಂಟ ಹಿಡಿಯಿತು. ಇನ್ನೊಬ್ಬನಿಗೆ ಹಲಗೆಯ ಮೇಲಿನ ಪಾತ್ರೆ ತಿರುಗಿಸಿಡುವುದು ನೆನಪಾಯಿತು. ಮೈದುನ ಅಣ್ಣನ ಕಡೆ ನೋಡಿದ. ಅಣ್ಣ ತಿಗುರಿಯ ಮುಂದೆ ಕೈಕಟ್ಟಿ ಕೂತಿದ್ದ. ಅವನು ಕೂತಲ್ಲಿಂದ ಏಳಲಿಲ್ಲ. ಲಾರಿಯ ಡ್ರೈವರು ನನಗೇಕೆ ಊರ ಉಸಾಬರಿ ಎಂದು ಬೀಡಿ ಹಚ್ಚಿದ.

"ಯಾರೂ ಬೇಡ! ನಾನೇ ತೆಗೀತೀನಿ!"

ಮೈದುನ ಅಂಗಿಯ ತೋಳು ಮಡಿಸಿದ. ಪ್ಯಾಂಟು ಮಂಡಿಯವರೆಗೆ ಏರಿಸಿದ. ಬೂಟು ಬಿಚ್ಚಿ, ಕಾಲುಚೀಲ ಬಿಚ್ಚಿ, ಒಂದರ ಪಕ್ಕ ಒಂದು ಒಪ್ಪವಾಗಿ ಇಟ್ಟ. ವಿಷ ಎಂದವನು ಬೂಟು ಯಾಕೆ ಬಿಚ್ಚಿದ ಎನ್ನುತ್ತೀರಾ? ಆ ಮನೆಯಲ್ಲಿ ಹುಟ್ಟಿದವನು ತೊಟ್ಟಿಗೆ ಬೂಟುಗಾಲಲ್ಲಿ ಇಳಿಯಲಾರ. ಬೂಟಿಗಂಟಿದ ಬೀದಿಯ ಕಲ್ಲುಪುಡಿ ಮಣ್ಣು ಸೇರಿದರೆ ಪಾತ್ರೆ ಸೀಳುತ್ತದೆ ಎಂದು ಎಳವೆಯಲ್ಲೇ ಬೆನ್ನಿಗೆ ಗುದ್ದಿ ಕಲಿಸಿರುತ್ತಾರೆ. ಎಸೆಯಲೆಂದೇ ಇಳಿದವನಿಗೂ ಅದು ಬಿಡಲಿಲ್ಲ.

ಸನಿಕೆ ಹಿಡಿದು ಇಳಿದ. ಎಷ್ಟೋ ವರ್ಷದ ಮೇಲೆ ಇಳಿದಿದ್ದ. ಮಣ್ಣು ಮೀನಖಂಡದವರೆಗೆ ತಣ್ಣಗೆ ಹಿಡಿದುಕೊಂಡಿತು. ಮೊದಲ ಹೆಂಟೆ ಎತ್ತಿ ಕಟ್ಟೆಯ ಆಚೆ ಎಸೆದ. ಎರಡನೆಯದೂ ಎಸೆದ. ಒಂದೊಂದು ಹೆಂಟೆ ನೆಲಕ್ಕೆ ಬಿದ್ದಾಗಲೂ ಅತ್ತಿಗೆಯ ಕರುಳು ಕಿತ್ತು ಬರುತ್ತಿತ್ತು. ಹಲಗೆಯ ಹಿಡಿಯ ಮೇಲೆ ಬೆರಳು ಬಿಗಿಯಾಯಿತು. ಹೊಡೆಯಬೇಕು ಎನ್ನಿಸಿತು. ಬೆನ್ನಿಗಂಟಿಸಿಕೊಂಡು ಬೆಳೆಸಿದವನು, ಹೇಗೆ ಹೊಡೆಯುವುದು?

ಮುಂದಕ್ಕೊಂದು ಹೆಜ್ಜೆ ಇಟ್ಟವನು "ಅಮ್ಮಾ!" ಎಂದು ಕಿರುಚಿದ.

ಸನಿಕೆ ಬಿತ್ತು. ಕಟ್ಟೆ ಹಿಡಿದು ಕಾಲೆತ್ತಿದ. ಅಂಗಾಲಲ್ಲಿ ಒಡೆದ ಪಾತ್ರೆಯ ಚೂರು ನೆಟ್ಟಿತ್ತು. ಅತ್ತಿಗೆ ತುಳಿಯದ ಈ ದಿನಗಳಲ್ಲಿ ಯಾರೋ ನೋಡದೆ, ಸುಟ್ಟ ಪಾತ್ರೆಯ ಚೂರು ಸೇರಿದ್ದ ಹಳೇ ತುಣುಕುಗಳನ್ನು ತೊಟ್ಟಿಗೆ ಹಾಕಿದ್ದರು. ಅವಳ ಕಾಲು ಅಲ್ಲಿದ್ದಿದ್ದರೆ ಅದು ಎಂದೋ ಸಿಕ್ಕಿರುತ್ತಿತ್ತು. ಅವನು ಹಲ್ಲು ಕಚ್ಚಿ ಕಿತ್ತ. ರಕ್ತ ಹರಿಯಿತು.

ಆಮೇಲೆ ಆದದ್ದನ್ನು ಎಲ್ಲರೂ ನೋಡಿದರು, ಅವನೊಬ್ಬನನ್ನು ಬಿಟ್ಟು. ಅವನು ನೋವಿಗೆ ಕಣ್ಣು ಮುಚ್ಚಿದ್ದ. ಅವನ ಬಲಗೈ ತಾನಾಗಿ ಕೆಳಗೆ ಹೋಯಿತು. ಒಂದು ಚಿಟಿಕೆ ಹಳೇ ಮಣ್ಣು ತೆಗೆಯಿತು. ಬೆರಳಲ್ಲಿ ಉಂಡೆ ಮಾಡಿತು. ಗಾಯದ ಬಾಯಿಗೆ ಒಯ್ಯಿತು.

ಅತ್ತಿಗೆಯ ಹಲಗೆ ಅವನ ಮಣಿಕಟ್ಟಿಗೆ ಬಿತ್ತು. ಆ ಏಟಿನ ಸದ್ದಿಗೆ ಡ್ರೈವರ ಬಾಯಿಂದ ಬೀಡಿ ಬಿತ್ತು.

"ಬಿಡೋ! ಬಿಡು ಮಣ್ಣು! ಮುಟ್ಟಿಸಬೇಡ!"

ಮಣ್ಣಿನ ಉಂಡೆ ಹಾರಿ ಅವನ ಬಿಳಿ ಅಂಗಿಗೆ ಅಂಟಿತು. ಅವಳು ಕಟ್ಟೆಯ ಮೇಲೆ ಮಂಡಿಯೂರಿ, ಕೊರಳಪಟ್ಟಿ ಹಿಡಿದು, ಮುಳುಗುವವನನ್ನು ಎಳೆಯುವಂತೆ ಅವನನ್ನು ಮೇಲಕ್ಕೆಳೆದಳು. "ನೀರು! ಸೋಪು! ನನ್ನ ಗಾಯ ತೊಳೆಯೋ ಔಷಧಿ ಬಾಟಲಿ ತನ್ನಿ, ನಿಂತು ಏನು ನೋಡ್ತೀರಿ!" ಈಗ ಮುದುಕನ ಸೊಂಟವೂ ಸರಿಹೋಯಿತು, ಎಲ್ಲರೂ ಓಡಿದರು. ನಲ್ಲಿಯ ಕೊಳವೆ ಹಿಡಿದು ಅವಳು ಅವನ ಗಾಯವನ್ನು ತೊಳೆದಳು. ಸೋಪು ಹಾಕಿ ತೊಳೆದಳು, ಮತ್ತೆ ತೊಳೆದಳು. ಅವನು ಉರಿ ಉರಿ ಎಂದು ಒದ್ದಾಡಿದರೂ ಕಾಲು ಬಿಡಲಿಲ್ಲ.

"ವಿಷ ಅಂದ್ಯಲ್ಲ! ಮನೆ ತುಂಬ ಸಾರಿದ್ಯಲ್ಲ! ವಿಷನ ಯಾಕೋ ಒಳಗೆ ಹಾಕ್ಕೊಳ್ಳೋಕೆ ಹೋದೆ? ನನ್ನ ಕಾಲು ನೋಡಿ ಸಾಲಲಿಲ್ವಾ ನಿನಗೆ?"

ಬೈಯುತ್ತಿದ್ದವಳ ಕಣ್ಣಿಂದ ನೀರು ಇಳಿಯುತ್ತಿತ್ತು. ಅವನು ತನ್ನ ಬಲಗೈಯನ್ನು ಬೇರೆ ಯಾರದೋ ಕೈಯೆಂಬಂತೆ ನೋಡುತ್ತಿದ್ದ.

"ಗೊತ್ತಿಲ್ಲ ಅತ್ತಿಗೆ. ಕೈ ತಾನೇ ಹೋಯ್ತು." ಮಣ್ಣಾದ ಬೆರಳುಗಳನ್ನು ಅಂಗಿಗೆ ಒರೆಸಿಕೊಂಡ. "ಅಮ್ಮ ಹಾಗೇ ಮಾಡ್ತಿದ್ಳು. ಬಿದ್ದು ಬಂದ್ರೆ ಮೊದಲು ಮಣ್ಣು ಒತ್ತಿ ಆಮೇಲೆ ಎತ್ಕೊಳ್ತಿದ್ಳು."

"ಅಮ್ಮನಿಗೆ ಗೊತ್ತಿರಲಿಲ್ಲ" ಎಂದಳು ಅತ್ತಿಗೆ. "ನನಗೆ ಗೊತ್ತಾಗಿದೆ. ಇನ್ನು ಈ ಮನೇಲಿ ಗಾಯಕ್ಕೆ ಮಣ್ಣು ಒತ್ತಿದವರ ಕೈ ಮುರೀತೀನಿ. ಯಾರಾದ್ರೂ ಸರಿ. ನಿನ್ನಮ್ಮನೇ ಎದ್ದು ಬಂದ್ರೂ ಸರಿ."

ಅವನು ಅತ್ತುಬಿಟ್ಟ. ದೊಡ್ಡ ಗಂಡಸು, ನಾಳೆ ಅಪ್ಪ ಆಗುವವನು, ಮಂಡಿಯವರೆಗೆ ಮಣ್ಣಾದ ಕಾಲು ಚಾಚಿಕೊಂಡು ಅವಳ ತೋಳಿಗೆ ಮುಖವಿಟ್ಟು ಅತ್ತ. ವಾರಗಿತ್ತಿ ಬಂದು ಅವನ ಪಕ್ಕ ಕೂತಳು. ಕಟ್ಟೆಯ ಆಚೆ ಬಿದ್ದಿದ್ದ ಹೆಂಟೆಯನ್ನು ಕಾಲಿಂದ ದೂರ ಸರಿಸಲಿಲ್ಲ, ಮೂಗು ಮುಚ್ಚಲಿಲ್ಲ. "ಅಕ್ಕ, ಇದನ್ನ ಮತ್ತೆ ಒಳಗೆ ಹಾಕಲಾ?" ಎಂದು ಮಾತ್ರ ಕೇಳಿದಳು.

"ನೀನು ಬಗ್ಗಬೇಡ, ಸುಮ್ಮನೆ ಕೂರು" ಎಂದಳು ಅತ್ತಿಗೆ. ಪಟ್ಟಿ ಕಟ್ಟಿ ಮುಗಿಸಿ, ಗಂಟು ಬಿಗಿದು, ಮೈದುನನ ಗಲ್ಲ ಎತ್ತಿದಳು. "ಇನ್ನು ಡಾಕ್ಟರ ಹತ್ತಿರ ಹೋಗು. ಈಗಲೇ. ನಾಳೆ ನೋಡೋಣ ಅಂದ್ರೆ ಮತ್ತೊಂದು ಬಿಡ್ತೀನಿ."

"ಈ ಕಾಲಲ್ಲಿ ಕಾರು ಓಡಿಸೋಕಾಗಲ್ಲ."

ಅತ್ತಿಗೆ ಬಾಗಿಲ ಕಡೆ ನೋಡಿದಳು. ಹಿಂಬಾಗಿಲು ತೆರೆದುಕೊಂಡು, ಹೊಟ್ಟೆ ಖಾಲಿ ಇಟ್ಟುಕೊಂಡು ಲಾರಿ ನಿಂತಿತ್ತು.

"ಹತ್ತು" ಎಂದಳು.

ಅವನಿಗೂ ಆಸ್ಪತ್ರೆಯ ಮಾತು ನೆನಪಾಗಿರಬೇಕು. ಅಳುತ್ತಿದ್ದವನಿಗೆ ನಗು ಬಂತು, ನಗುತ್ತ ಮತ್ತೆ ಅತ್ತ. ಮುದುಕನೂ ಡ್ರೈವರೂ ಹೆಗಲು ಕೊಟ್ಟು ಮುಂದಿನ ಸೀಟಿಗೆ ಹತ್ತಿಸಿದರು. ಮಣ್ಣು ಹೊರಲು ಬಂದ ಲಾರಿ ಮೈದುನನನ್ನು ಹೊತ್ತುಕೊಂಡು ಹೋಯಿತು. ಕಿಟಕಿಯಿಂದ ತಲೆ ಹೊರಗೆ ಹಾಕಿ ಅವನು ಏನೋ ಕೂಗಿದ, ಇಂಜಿನ್ನಿನ ಸದ್ದಿಗೆ ಕೇಳಿಸಲಿಲ್ಲ. ಕೈ ಮಾತ್ರ ಬೇಡ ಬೇಡ ಎಂದು ಆಡಿಸುತ್ತಿದ್ದ, ತೊಟ್ಟಿ ಮುಟ್ಟಬೇಡಿ ಎಂದು.

ಒಳಗೆ ಎಲ್ಲರೂ ತಮ್ಮ ತಮ್ಮ ಕೆಲಸಕ್ಕೆ ಹೋದರು. ಗಂಡ ತಿಗುರಿ ಬಿಟ್ಟು ಎದ್ದು ಬಂದ. ಹೊರಗೆ ಬಿದ್ದಿದ್ದ ಹೆಂಟೆಗಳನ್ನು ಸನಿಕೆಯಲ್ಲೆತ್ತಿ, ಅಂಟಿದ ಕಸ ಕೆರೆದು, ತೊಟ್ಟಿಗೆ ಹಾಕಿದ. ನಿಂತು ಹೆಂಡತಿಯ ಮುಖ ನೋಡಿ ಹೇಳಿದ:

"ಬೂಟು ತರ್ತೀನಿ. ನಿನ್ನ ಕಾಲು ವಾಸಿಯಾಗೋವರೆಗೆ ನಾನು ತುಳೀತೀನಿ."

ಆ ವರ್ಷ ಅವನಾಡಿದ ಅತಿ ಉದ್ದದ ಮಾತು ಅದು.

"ನೀನು ತುಳಿದ್ರೆ ಚೂರೆಲ್ಲ ಅಲ್ಲೇ ಉಳೀತವೆ" ಎಂದಳು ಅತ್ತಿಗೆ. "ತುಳಿ. ನಾನು ಇಲ್ಲೇ ಕೂತು ಬೈತೀನಿ. ವಾಸಿಯಾದ ದಿನ ನಾನೇ ಇಳಿತೀನಿ. ಬೂಟೋ ಗೀಟೋ, ಯಾವುದಾದ್ರೂ ಹಾಕ್ಕೊಂಡು ಇಳಿತೀನಿ. ಚೂರು ಹುಡುಕೋದು ಕಾಲಿಗೆ ಆಗದಿದ್ರೆ ಜರಡಿ ಹಿಡೀತೀನಿ. ಆದ್ರೆ ಇಳಿದೇ ಇಳಿತೀನಿ."

ಅವನು ಹೂಂ ಎಂದು ತಿಗುರಿಗೆ ಹೋದ. ಅವಳು ವಾರಗಿತ್ತಿಯ ಮೇಜಿನಿಂದ ರಬ್ಬರಿನ ಕೈಗವಸು ತಂದು ಹಾಕಿಕೊಂಡಳು. ಬಗ್ಗಿ, ಮೈದುನ ಕಿತ್ತು ಬಿಸಾ‌ಡಿದ್ದ ಚೂರನ್ನು ಹುಡುಕಿ ತೆಗೆದು ಕಸದ ಡಬ್ಬಿಗೆ ಎಸೆದಳು. ಮಣ್ಣಿನ ಮೇಲೆ ಅವನ ಹೆಜ್ಜೆ ಆಳವಾಗಿ ಮೂಡಿತ್ತು. ಅದರ ಮೇಲೆ ನೀರು ಚಿಮುಕಿಸಿದಳು. ಆ ಹಳೇ ನಾತ ಮೇಲೆದ್ದು ಬಂತು. ಮೂಗು ತುಂಬ ಎಳೆದುಕೊಂಡಳು.

"ನಿನ್ನನ್ನ ಬಿಡಲ್ಲ" ಎಂದಳು ಮಣ್ಣಿಗೆ. "ಯಾರು ಬಂದ್ರೂ ಬಿಟ್ಟುಕೊಡಲ್ಲ. ಆದ್ರೆ ಇನ್ನು ಮೇಲೆ ನಿನ್ನನ್ನ ನಂಬೋದೂ ಇಲ್ಲ, ತಿಳೀತಾ?"

ಒದ್ದೆ ಗೋಣಿಯನ್ನು ಅಂಚಿನವರೆಗೂ ಎಳೆದು ಹೊದಿಸಿದಳು. ಆಮೇಲೆ ಕೈಗವಸು ಕಳಚಿ, ಸೋಪು ಹಾಕಿ ಮೊಳಕೈವರೆಗೆ ಕೈ ತೊಳೆದುಕೊಂಡು, ಮಾತ್ರೆ ನುಂಗಲು ಹೋದಳು.